ನನ್ನ ಮಗಳಿಗೆ ಇದರಿಂದ ಏನು ಲಾಭ?

ಪರಿಚಯದವರೊಬ್ಬರು ಹದಿಮೂರು ವರ್ಷದ ಮಗಳನ್ನು ಕರೆದುಕೊಂಡು ಮಂಗಳೂರಿನ ಆಸ್ಪತ್ರೆಗೆ ಹೋಗಿ ಬರುತ್ತಿದ್ದರು. ಮಗುವಿಗೆ ಲೂಪಸ್ ಎಂಬ ಕಾಯಿಲೆ. ಒಂದು ದಿನ ಡಾಕ್ಟ್ರು ಒಂದು ಕಾಗದ ಮುಂದಿಟ್ಟು, "ಪರೀಕ್ಷೆಗೆ ತೆಗೆಯುವಾಗ ಸ್ವಲ್ಪ ರಕ್ತ ಸಂಶೋಧನೆಗೂ ಕೊಡುತ್ತೀರಾ? ಬೇಡ ಅಂದರೂ ಚಿಕಿತ್ಸೆಗೆ ತೊಂದರೆಯಿಲ್ಲ" ಎಂದರು. ತಂದೆ ಕೇಳಿದ್ದು ಒಂದೇ ಮಾತು: "ನನ್ನ ಮಗಳಿಗೆ ಇದರಿಂದ ಏನು ಲಾಭ?" ಡಾಕ್ಟ್ರು ಸುಳ್ಳು ಹೇಳಲಿಲ್ಲ. "ಇವಳಿಗೇ ಆಗುತ್ತದೆ ಅಂತ ಹೇಳಲಿಕ್ಕೆ ಬರುವುದಿಲ್ಲ. ಮುಂದೆ ಬರುವ ಮಕ್ಕಳಿಗೆ ಆಗಬಹುದು" ಅಂದರು.

ತಂದೆಯ ಪ್ರಶ್ನೆಯನ್ನು ಸ್ವಾರ್ಥ ಎಂದು ತಳ್ಳಿಹಾಕುವುದು ಸುಲಭ. ಆ ಮನೆಯ ಕಷ್ಟ ನೋಡಿದವರು ಹಾಗೆ ಹೇಳಲಾರರು.

ಲೂಪಸ್ ಅಂಟುರೋಗವಲ್ಲ. ರೋಗಗಳೊಡನೆ ಹೋರಾಡಬೇಕಾದ ದೇಹದ ಶಕ್ತಿಯೇ ತಿರುಗಿ ತನ್ನ ದೇಹದ ಮೇಲೆ ಬೀಳುವುದು. ಕೀಲುನೋವು, ಜ್ವರ, ಸುಸ್ತು, ಕೆನ್ನೆ ಮತ್ತು ಮೂಗಿನ ಮೇಲೆ ಚಿಟ್ಟೆಯ ರೆಕ್ಕೆಯಂತೆ ಕೆಂಪು ಕಲೆ. ಹೆಣ್ಣುಮಕ್ಕಳಲ್ಲೇ ಹೆಚ್ಚು. ಚಿಕ್ಕ ವಯಸ್ಸಿನಲ್ಲಿ ಬಂದರೆ ದೊಡ್ಡವರಿಗಿಂತ ಜೋರಾಗಿರುತ್ತದೆ, ಮೂತ್ರಪಿಂಡಕ್ಕೆ ತಗಲುವುದೂ ಹೆಚ್ಚು. ಸ್ಟೀರಾಯ್ಡ್ ಮಾತ್ರೆಯಿಂದ ರೋಗ ಹತೋಟಿಗೆ ಬರುತ್ತದೆ, ಆದರೆ ಮುಖ ಊದಿಕೊಳ್ಳುತ್ತದೆ. ಬಿಸಿಲು ಆಗದು. ಶಾಲೆಯ ಅಂಗಳದಲ್ಲಿ ಅಸೆಂಬ್ಲಿಗೆ ನಿಲ್ಲುವುದೂ ಅಂಥ ಮಗುವಿಗೆ ಕಷ್ಟ ಎಂಬುದು ನಮ್ಮ ಮೇಷ್ಟ್ರುಗಳಿಗೆ ಗೊತ್ತಿರಬೇಕು.

ಕಾಯಿಲೆ ಮಗುವಿಗೆ ಮಾತ್ರ ಬರುವುದಿಲ್ಲ, ಮನೆಗೇ ಬರುತ್ತದೆ. ತಾಯಿ ಕೆಲಸ ಬಿಡುತ್ತಾಳೆ. ತಂದೆ ಆಸ್ಪತ್ರೆಗೆ ಹೋದ ದಿನದ ಕೂಲಿ ಹೋಗುತ್ತದೆ. ತಮ್ಮನಿಗೆ ಹೊಸ ಚಪ್ಪಲಿ ಮುಂದಿನ ತಿಂಗಳಿಗೆ ಹೋಗುತ್ತದೆ. ನಾಳೆ ಮದುವೆಗೆ ಅಡ್ಡಿಯಾದೀತು ಎಂದು ರೋಗದ ಹೆಸರನ್ನೇ ನೆಂಟರಿಂದ ಮುಚ್ಚಿಡುತ್ತಾರೆ. ಇಷ್ಟು ಕೊಟ್ಟವರ ಹತ್ತಿರ ಇನ್ನೂ ಸ್ವಲ್ಪ ಕೊಡಿ ಎಂದು ಕೇಳುವುದು ನ್ಯಾಯವೇ?

ಕೇಳದೆ ಇರಲು ಒಂದು ತೊಡಕಿದೆ. ಮಕ್ಕಳಲ್ಲಿ ಈ ಕಾಯಿಲೆ ಅಪರೂಪ. ಒಂದೇ ಆಸ್ಪತ್ರೆಗೆ ಬರುವ ನಾಲ್ಕಾರು ಮಕ್ಕಳನ್ನು ನೋಡಿ ಯಾವ ಔಷಧ ಒಳ್ಳೆಯದು, ಎಷ್ಟು ಕೊಡಬೇಕು ಎಂದು ತೀರ್ಮಾನಿಸಲಾಗದು. ಹಲವು ಆಸ್ಪತ್ರೆಗಳು, ಹಲವು ಊರಿನ ಕುಟುಂಬಗಳು ಸೇರಲೇಬೇಕು.

ಉತ್ತರ ಅಮೆರಿಕದಲ್ಲಿ ಹಾಗೆ ಸೇರಿದ್ದರು. ಲೂಪಸ್ ಇದ್ದವರ ರಕ್ತನಾಳಗಳು ಬೇಗನೆ ದಪ್ಪವಾಗಿ ಹೃದಯಕ್ಕೆ ತೊಂದರೆ ಬರುವುದುಂಟು. ಕೊಲೆಸ್ಟರಾಲ್ ಇಳಿಸುವ ಅಟೋರ್ವಾಸ್ಟಾಟಿನ್ ಮಾತ್ರೆಯಿಂದ ಅದನ್ನು ತಡೆಯಬಹುದೇ ಎಂದು ನೋಡಲು 2003ರಲ್ಲಿ ‘ಆಪಲ್’ ಎಂಬ ಪರೀಕ್ಷೆ ಶುರುವಾಯಿತು. 21 ಕೇಂದ್ರಗಳು, 10ರಿಂದ 21 ವರ್ಷದ 221 ಮಂದಿ, ಮೂರು ವರ್ಷ ಮಾತ್ರೆ. ಅರ್ಧದಷ್ಟು ಮಂದಿಗೆ ನಿಜವಾದ ಮಾತ್ರೆ, ಉಳಿದವರಿಗೆ ನೋಡಲು ಹಾಗೆಯೇ ಇರುವ, ಔಷಧವಿಲ್ಲದ ಮಾತ್ರೆ. ಕಾಯಿಲೆಯ ಚಿಕಿತ್ಸೆ ಇಬ್ಬರಿಗೂ ಇತ್ತು. 2012ರಲ್ಲಿ ಫಲಿತಾಂಶ ಪ್ರಕಟವಾಯಿತು: ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಲೂಪಸ್ ಇರುವ ಎಲ್ಲ ಮಕ್ಕಳಿಗೂ ಆ ಮಾತ್ರೆ ಕೊಡಬೇಕಾಗಿಲ್ಲ ಎಂದಾಯಿತು.

ಹಾಗಾದರೆ ಅವರು ಮೂರು ವರ್ಷ ನುಂಗಿದ್ದೆಲ್ಲ ದಂಡವಾಯಿತೇ? ನನಗೆ ಹಾಗನ್ನಿಸುವುದಿಲ್ಲ. ಇವತ್ತು ಇನ್ನೊಂದು ಮಗು ಬೇಡದ ಒಂದು ಮಾತ್ರೆ ನುಂಗದೆ, ಒಬ್ಬ ತಂದೆ ಅದಕ್ಕೆ ದುಡ್ಡು ಕೊಡದೆ ಉಳಿದರೆ, ಆ 221 ಮಂದಿಯ ಋಣ ಅದರಲ್ಲಿದೆ. ನಮ್ಮ ಮಗು ಈಗ ಪಡೆಯುವ ಚಿಕಿತ್ಸೆಯೂ ಹಿಂದೆ ಯಾರೋ ಹೂಂ ಎಂದದ್ದರಿಂದಲೇ ಬಂದದ್ದು.

ಆದರೆ ಋಣದ ಮಾತು ಒಂದೇ ಕಡೆಗೆ ಸಲ್ಲುವುದಲ್ಲ. ಎಂಡೋಸಲ್ಫಾನ್ ಕಂಡ ನಮ್ಮ ಕಾಸರಗೋಡಿನ ಊರುಗಳಿಗೆ ಸರ್ವೆಯವರು, ಪರೀಕ್ಷೆಯವರು ಹೊಸಬರಲ್ಲ. ಮಗುವಿನ ನೋವನ್ನು ಮತ್ತೆ ಮತ್ತೆ ಅಪರಿಚಿತರಿಗೆ ಹೇಳುವುದು ಎಷ್ಟು ಭಾರ ಎಂದು ಇಲ್ಲಿಯ ತಾಯಂದಿರನ್ನು ಕೇಳಬೇಕು. ತೆಗೆದುಕೊಂಡು ಹೋದವರು ತಿರುಗಿ ಬಂದು, ಏನು ಗೊತ್ತಾಯಿತು, ಏನು ಗೊತ್ತಾಗಲಿಲ್ಲ ಎಂದು ಅವರಿಗೆ ತಿಳಿಯುವ ಭಾಷೆಯಲ್ಲಿ ಹೇಳದಿದ್ದರೆ ಅದು ಸಹಕಾರವಲ್ಲ, ಬರೇ ವಸೂಲಿ.

ಮಗುವನ್ನೂ ಕೇಳಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ಪ್ರಕಾರ, ಏಳು ವರ್ಷ ದಾಟಿದ ಮಗುವಾದರೆ ತಂದೆತಾಯಿಯ ಒಪ್ಪಿಗೆಯ ಜೊತೆಗೆ ಅದರ ಸಮ್ಮತಿಯೂ ಬೇಕು. ಚುಚ್ಚಿಸಿಕೊಳ್ಳುವ ಕೈ ಅದರದಲ್ಲವೇ.

ಆ ದಿನ ತಂದೆ ಸಹಿ ಹಾಕಲಿಲ್ಲ, ಮಗಳ ಮುಖ ನೋಡಿದರು. ಅವಳು ಸ್ವಲ್ಪ ಹೊತ್ತು ಯೋಚಿಸಿ, "ಹೇಗೂ ರಕ್ತ ತೆಗೀತಾರಲ್ಲ ಅಪ್ಪ, ಕೊಡುವ. ಆದರೆ ಅದರಲ್ಲಿ ಏನು ಸಿಕ್ಕಿತು ಅಂತ ನನಗೂ ಹೇಳ್ಬೇಕು" ಅಂದಳಂತೆ.

ಡಾಕ್ಟ್ರು ಹೇಳುತ್ತೇನೆ ಎಂದಿದ್ದಾರೆ. ಅವಳು ಕಾಯುತ್ತಿದ್ದಾಳೆ.