ಲಸಿಕೆಯ ಶುದ್ಧಿಪರೀಕ್ಷೆಯೂ ಶ್ರಾವಕನ ಅಹಿಂಸೆಯೂ

ಒಂದು ಪ್ರಾಣವನ್ನು ಉಳಿಸುವ ಔಷಧವು ಇನ್ನೊಂದು ಪ್ರಾಣಿಯ ನೋವಿನ ಮೂಲಕವೇ ನಮಗೆ ದೊರೆಯುವಂತಿದ್ದರೆ, ಅದನ್ನು ಸ್ವೀಕರಿಸುವ ಗೃಹಸ್ಥನಿಗೆ ಆ ನೋವಿನಲ್ಲಿ ಎಷ್ಟು ಪಾಲು? ಪ್ರಶ್ನೆ ಹೊಸದಲ್ಲ. ಆದರೆ ಕೊರೊನಾ ಮಹಾಮಾರಿಯ ಕಾಲದಲ್ಲಿ ಅದು ನಮ್ಮ ಮನೆಯಂಗಳಕ್ಕೇ ಬಂದು ನಿಂತಿತು. ನನ್ನ ಪಾಲಿಗಂತೂ ಅದು ನಾನು ಕೊಟ್ಟ ಒಂದು ಮಾತಿನ ರೂಪದಲ್ಲಿ ಬಂದಿತು. ಆ ಮಾತನ್ನು ತಿದ್ದಿಕೊಳ್ಳುವ ಸಲುವಾಗಿಯೇ ಈ ಲೇಖನವನ್ನು ಬರೆಯುತ್ತಿದ್ದೇನೆ.

2021ರ ಜೂನ್ ತಿಂಗಳು. ಎರಡನೆಯ ಅಲೆ ಇನ್ನೂ ಪೂರ್ತಿಯಾಗಿ ಇಳಿದಿರಲಿಲ್ಲ. ನಮ್ಮ ಬಸದಿಯ ಸಭಾಭವನವನ್ನು ಲಸಿಕಾ ಶಿಬಿರಕ್ಕೆ ಬಿಟ್ಟುಕೊಡಬೇಕೆಂಬ ಕೋರಿಕೆ ಟ್ರಸ್ಟಿನ ಮುಂದೆ ಬಂದಿತ್ತು. ಅದೇ ದಿನಗಳಲ್ಲಿ ಕೊವ್ಯಾಕ್ಸಿನ್ ಲಸಿಕೆಯಲ್ಲಿ ಎಳೆಗರುವಿನ ಸೀರಮ್ ಇದೆಯೆಂಬ ಸುದ್ದಿ ಊರೂರಿಗೆ ಹಬ್ಬಿತು. ಕೇಂದ್ರ ಆರೋಗ್ಯ ಸಚಿವಾಲಯವು ಒಡನೆಯೇ ಸ್ಪಷ್ಟನೆ ನೀಡಿತು: ಸೀರಮ್ಮನ್ನು ವೀರೋ ಎಂಬ ಜೀವಕೋಶಗಳನ್ನು ಬೆಳೆಸಲು ಮಾತ್ರ ಬಳಸಲಾಗುತ್ತದೆ, ಅನಂತರ ಅದನ್ನು ತೊಳೆದು ತೆಗೆಯಲಾಗುತ್ತದೆ, ಸಿದ್ಧವಾದ ಲಸಿಕೆಯಲ್ಲಿ ಅದು ಇರುವುದಿಲ್ಲ. ಆ ವೀರೋ ಕೋಶಗಳಾದರೂ 1962ರಲ್ಲಿ ಜಪಾನಿನಲ್ಲಿ ಆಫ್ರಿಕದ ಒಂದು ಹಸಿರು ಕೋತಿಯ ಮೂತ್ರಪಿಂಡದಿಂದ ಪಡೆದು ಅಂದಿನಿಂದ ಪಾತ್ರೆಗಳಲ್ಲಿಯೇ ವಂಶಪಾರಂಪರ್ಯವಾಗಿ ಬೆಳೆಸಿಕೊಂಡು ಬಂದಂಥವು. ಟ್ರಸ್ಟಿನ ಸಭೆಯಲ್ಲಿ ನಾನು ಇದಿಷ್ಟನ್ನೂ ವಿವರಿಸಿ ಹೇಳಿದೆ. ಸಭಾಭವನವನ್ನು ಕೊಡುವುದೆಂದು ನಿರ್ಣಯವಾಯಿತು.

ಮನೆಗೆ ಬಂದಾಗ ನನ್ನ ಅಕ್ಕ ಕಾಯುತ್ತಿದ್ದಳು. ಆಕೆ ವ್ರತಧಾರಿಣಿ. ಸೋಸದ ನೀರನ್ನು ಕುಡಿದವಳಲ್ಲ, ಸೂರ್ಯಾಸ್ತದ ಮೇಲೆ ಅನ್ನ ಮುಟ್ಟಿದವಳಲ್ಲ. “ತಮ್ಮಾ, ಈ ಔಷಧದ ಸಲುವಾಗಿ ಯಾವುದರೆ ಜೀವಕ್ಕ ಕೇಡು ಆಗೇತೇನು?” ಎಂದು ಕೇಳಿದಳು. “ಇಲ್ಲ ಅಕ್ಕಾ, ನಾನು ಎಲ್ಲಾ ಓದಿ ನೋಡೇನಿ” ಎಂದೆ. ಕರುವಿನ ಸೀರಮ್ ಕರುವಿಲ್ಲದೆ ಬರುವುದಿಲ್ಲವೆಂಬ ಸಂಗತಿಯನ್ನು ನಾನು ಅಲ್ಲಿ ಹೇಳದೆ ದಾಟಿಸಿದ್ದೆ. ಆಕೆಗೆ ಎಪ್ಪತ್ತು ದಾಟಿತ್ತು. ಸಕ್ಕರೆ ಕಾಯಿಲೆ ಬೇರೆ. ಆಕೆ ಉಳಿಯಬೇಕೆಂಬುದೇ ನನ್ನ ಮನಸ್ಸಿನಲ್ಲಿದ್ದುದು. ನನ್ನ ಮಾತನ್ನು ನಂಬಿ ಆಕೆ ಲಸಿಕೆ ಹಾಕಿಸಿಕೊಂಡಳು.

ಲಾಳದ ಏಡಿಯ ವಿಷಯವನ್ನು ನಾನು ಓದಿದ್ದು ಅದಾದ ಕೆಲವು ತಿಂಗಳ ಮೇಲೆ.

ಮೊದಲು ವಿಜ್ಞಾನಕ್ಕೆ ಸಲ್ಲಬೇಕಾದುದನ್ನು ಸಲ್ಲಿಸಬೇಕು. ಹೊಸ ವೈರಾಣುವಿನ ವಂಶವಾಹಿ ವಿವರವನ್ನು 2020ರ ಜನವರಿಯಲ್ಲಿ ಚೀನಾದ ಸಂಶೋಧಕರು ಜಗತ್ತಿಗೆಲ್ಲ ತೆರೆದಿಟ್ಟರು. ಅದೇ ವರ್ಷದ ಡಿಸೆಂಬರಿನಲ್ಲಿ ಬ್ರಿಟನ್ನಿನಲ್ಲಿ ಫೈಜರ್ ಲಸಿಕೆಗೆ ಅನುಮತಿ ದೊರೆಯಿತು. ನಮ್ಮ ದೇಶದಲ್ಲಿ 2021ರ ಜನವರಿ 16ರಂದು ಪ್ರಾರಂಭವಾದ ಅಭಿಯಾನವು 2022ರ ಜುಲೈಯಲ್ಲಿ ಇನ್ನೂರು ಕೋಟಿ ಡೋಸುಗಳನ್ನು ಮುಟ್ಟಿತು. ಹತ್ತು ವರ್ಷ ಹಿಡಿಯುತ್ತಿದ್ದ ಕೆಲಸವನ್ನು ಹನ್ನೊಂದು ತಿಂಗಳಿನಲ್ಲಿ ಮುಗಿಸಿದವರನ್ನು ಕೊಂಡಾಡದಿರುವುದು ಕೃತಘ್ನತೆ. ಉದ್ದಿಮೆಗಾರರೂ ಅನುಮತಿ ದೊರೆಯುವ ಮೊದಲೇ ಕೋಟ್ಯಂತರ ರೂಪಾಯಿ ಸುರಿದು ಶೀಶೆಗಳನ್ನು ತುಂಬಿಟ್ಟರು. ವ್ಯಾಪಾರಿಯಾದ ನನಗೆ ಆ ಧೈರ್ಯದ ಬೆಲೆ ತಿಳಿಯುತ್ತದೆ.

ಆದರೆ ತುಂಬಿದ ಪ್ರತಿಯೊಂದು ತಂಡದ ಲಸಿಕೆಯೂ ಹೊರಬೀಳುವ ಮೊದಲು ಒಂದು ಪರೀಕ್ಷೆಯನ್ನು ದಾಟಬೇಕು. ಕೆಲವು ಬಗೆಯ ಬ್ಯಾಕ್ಟೀರಿಯಗಳ ಮೈಗೋಡೆಯಲ್ಲಿ ಎಂಡೊಟಾಕ್ಸಿನ್ ಎಂಬ ವಿಷವಿರುತ್ತದೆ. ಬ್ಯಾಕ್ಟೀರಿಯ ಸತ್ತರೂ ವಿಷ ಉಳಿಯುತ್ತದೆ. ನೀರನ್ನು ಕುದಿಸಿದರೂ ಅದು ನಾಶವಾಗುವುದಿಲ್ಲ. ರಕ್ತಕ್ಕೆ ಸೇರಿದರೆ ಜ್ವರ, ಪ್ರಮಾಣ ಹೆಚ್ಚಾದರೆ ಮರಣ. ಆದುದರಿಂದ ಲಸಿಕೆ, ಸಲೈನು, ಇನ್ಸುಲಿನ್ ಮೊದಲಾಗಿ ಚುಚ್ಚಿ ಕೊಡುವ ಔಷಧಗಳಲ್ಲಿ ಆ ವಿಷವಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಹಿಂದೆ ಈ ಪರೀಕ್ಷೆ ಮೊಲಗಳ ಮೇಲೆ ನಡೆಯುತ್ತಿತ್ತು. ಕಿವಿಯ ನರಕ್ಕೆ ಔಷಧ ಚುಚ್ಚಿ ಜ್ವರ ಬರುವುದೋ ಎಂದು ಗಂಟೆಗಟ್ಟಲೆ ಕಾಯುತ್ತಿದ್ದರು.

ಅಮೆರಿಕದ ಪೂರ್ವ ಕರಾವಳಿಯಲ್ಲಿ ಕುದುರೆಯ ಲಾಳದಂಥ ಚಿಪ್ಪುಳ್ಳ ಒಂದು ಜೀವಿಯಿದೆ. ಹೆಸರು ಏಡಿಯೆಂದಾದರೂ ಅದು ಚೇಳು ಮತ್ತು ಜೇಡಗಳ ಸಂಬಂಧಿ. ಅದರ ಕುಲ ನಲವತ್ತು ಕೋಟಿ ವರ್ಷಗಳಿಗೂ ಹಿಂದಿನದು. ಅದರ ರಕ್ತದಲ್ಲಿ ಕಬ್ಬಿಣದ ಬದಲು ತಾಮ್ರವಿರುವುದರಿಂದ ಬಣ್ಣ ನೀಲಿ. ಆ ರಕ್ತಕ್ಕೆ ಎಂಡೊಟಾಕ್ಸಿನ್ ಲೇಶಮಾತ್ರ ಸೋಕಿದರೂ ಸಾಕು, ಹೆಪ್ಪುಗಟ್ಟುತ್ತದೆ. 1950ರ ದಶಕದಲ್ಲಿ ಫ್ರೆಡರಿಕ್ ಬ್ಯಾಂಗ್ ಎಂಬ ವಿಜ್ಞಾನಿ ಇದನ್ನು ಗಮನಿಸಿದರು. ಮುಂದೆ ಜ್ಯಾಕ್ ಲೆವಿನ್ ಅವರೊಡಗೂಡಿ ಇದರಿಂದ ಪರೀಕ್ಷಾವಿಧಾನವೊಂದನ್ನು ರೂಪಿಸಿದರು. 1977ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಮೊಲದ ಪರೀಕ್ಷೆಗೆ ಬದಲಾಗಿ ಇದನ್ನು ಒಪ್ಪಿತು. ಲೆಕ್ಕವಿಲ್ಲದಷ್ಟು ಮೊಲಗಳು ಉಳಿದವು. ಇದನ್ನೂ ಜಮೆಯ ಕಡೆ ಬರೆಯಬೇಕು.

ಖರ್ಚಿನ ಕಡೆ ಹೀಗಿದೆ. ಏಡಿಗಳನ್ನು ಸಮುದ್ರದಿಂದ ಹಿಡಿದು ತಂದು, ಸಾಲಾಗಿ ಕಟ್ಟಿ ನಿಲ್ಲಿಸಿ, ಹೃದಯದ ಬಳಿ ಸೂಜಿ ಚುಚ್ಚಿ ಸುಮಾರು ಮೂರನೆಯ ಒಂದು ಪಾಲು ರಕ್ತವನ್ನು ತೆಗೆದು ಮರಳಿ ಸಮುದ್ರಕ್ಕೆ ಬಿಡುತ್ತಾರೆ. ಹೀಗೆ ಬಿಟ್ಟವುಗಳಲ್ಲಿ ನೂರಕ್ಕೆ ಹದಿನೈದು ಸಾಯುತ್ತವೆಂದು ಅಲ್ಲಿಯ ಮೀನುಗಾರಿಕಾ ಆಯೋಗದ ಅಂದಾಜು. ಮೂವತ್ತರವರೆಗೂ ಸಾಯುತ್ತವೆಂದು ಕೆಲವು ಅಧ್ಯಯನಗಳು ಹೇಳುತ್ತವೆ. 2021ರಲ್ಲಿ ಈ ಕೆಲಸಕ್ಕೆಂದು ಹಿಡಿದ ಏಡಿಗಳು ಏಳು ಲಕ್ಷಕ್ಕೂ ಮೇಲೆ. ಅವುಗಳ ಮೊಟ್ಟೆಯನ್ನೇ ನಂಬಿ ಸಾವಿರಾರು ಮೈಲಿ ಹಾರಿಬರುವ ಕೆಂಪು ನಾಟ್ ಎಂಬ ಹಕ್ಕಿಯೂ ಕ್ಷೀಣಿಸಿ, 2014ರಲ್ಲಿ ಅಮೆರಿಕ ಸರ್ಕಾರದ ಅಪಾಯಗ್ರಸ್ತ ಜೀವಿಗಳ ಪಟ್ಟಿಗೆ ಸೇರಿತು. ಪೂರ್ವ ಏಷ್ಯದ ಲಾಳದ ಏಡಿಯ ಗತಿ ಇನ್ನೂ ಕಠಿಣ. ಅಲ್ಲಿ ರಕ್ತ ತೆಗೆದ ಮೇಲೆ ಅವನ್ನು ಸಮುದ್ರಕ್ಕೆ ಬಿಡುವ ರೂಢಿಯೇ ಇರಲಿಲ್ಲ.

ಲಸಿಕೆಯ ಐನೂರು ಕೋಟಿ ಡೋಸುಗಳ ಪರೀಕ್ಷೆಗೆ ತಮ್ಮ ಒಂದು ದಿನದ ಉತ್ಪನ್ನವೇ ಸಾಕೆಂದು ಈ ರಕ್ತದ ಉದ್ದಿಮೆಯವರು 2020ರಲ್ಲಿ ಹೇಳಿದರು. ಲೆಕ್ಕ ಸರಿಯಿರಬಹುದು. ಆದರೆ ಮೊತ್ತ ಸಣ್ಣದೆಂದು ಖಾತೆಗೆ ಬರೆಯದೆ ಬಿಡುವ ಪದ್ಧತಿ ನಮ್ಮ ಅಂಗಡಿಗಳಲ್ಲಿಲ್ಲ.

ಇಲ್ಲಿಯವರೆಗಿನದು ಅನಿವಾರ್ಯವೆಂದೇ ಒಪ್ಪೋಣ. ನನ್ನ ನಿದ್ದೆ ಕೆಡಿಸಿದ್ದು ಮುಂದಿನ ಭಾಗ. ಸಿಂಗಪುರದ ರಾಷ್ಟ್ರೀಯ ವಿಶ್ವವಿದ್ಯಾಲಯದಲ್ಲಿ ಡಿಂಗ್ ಜಿಯಾಕ್ ಲಿಂಗ್ ಮತ್ತು ಹೋ ಬೋ ಎಂಬ ಸಂಶೋಧಕರು, ಏಡಿಯ ರಕ್ತದಲ್ಲಿ ವಿಷವನ್ನು ಗುರುತಿಸುವ ಫ್ಯಾಕ್ಟರ್ ಸಿ ಎಂಬ ಪ್ರೋಟೀನಿನ ವಂಶವಾಹಿಯನ್ನು 1990ರ ದಶಕದಲ್ಲಿಯೇ ಪ್ರತ್ಯೇಕಿಸಿ, ಅದನ್ನು ಪ್ರಯೋಗಶಾಲೆಯಲ್ಲಿ ಬೆಳೆಸಿದ ಕೋಶಗಳಿಂದ ತಯಾರಿಸುವ ಮಾರ್ಗವನ್ನು ಕಂಡುಹಿಡಿದಿದ್ದರು. ಅವರು ಆರಿಸಿಕೊಂಡ ಏಡಿಯ ಜಾತಿ ನಮ್ಮ ಒಡಿಶಾ ಮತ್ತು ಬಂಗಾಳದ ಕರಾವಳಿಯಲ್ಲಿಯೂ ಇದೆ. 2003ರ ಹೊತ್ತಿಗೆ ಅದು ಮಾರುಕಟ್ಟೆಗೆ ಬಂದಿತು. ಅಂದರೆ ಮಹಾಮಾರಿ ಬರುವುದಕ್ಕೆ ಹದಿನೇಳು ವರ್ಷ ಮುಂಚೆಯೇ, ಒಂದು ಏಡಿಯನ್ನೂ ಹಿಡಿಯದೆ ಇದೇ ಪರೀಕ್ಷೆಯನ್ನು ಮಾಡುವ ಸಾಧನ ಅಂಗಡಿಯಲ್ಲಿತ್ತು.

ಕೊಳ್ಳುವವರಿರಲಿಲ್ಲ. ಕಾರಣಗಳು ವ್ಯಾಪಾರದವೇ. ಪೇಟೆಂಟಿನ ದೆಸೆಯಿಂದ ಬಹುಕಾಲ ಮಾರುವವನು ಒಬ್ಬನೇ ಇದ್ದ. ಒಬ್ಬನೇ ಪೂರೈಕೆದಾರನನ್ನು ನಂಬಿ ಕಾರ್ಖಾನೆ ನಡೆಸಲು ಯಾವ ವಿವೇಕಿಯೂ ಹಿಂಜರಿಯುತ್ತಾನೆ. ಅದಕ್ಕಿಂತ ದೊಡ್ಡ ತೊಡಕು ಔಷಧ ಪ್ರಮಾಣಗ್ರಂಥದ್ದು. ಗ್ರಂಥದಲ್ಲಿ ಹೇಳಿದ ಪರೀಕ್ಷೆ ಮಾಡಿದರೆ ಯಾರೂ ಪ್ರಶ್ನಿಸುವುದಿಲ್ಲ. ಬೇರೆಯದನ್ನು ಮಾಡಿದರೆ ಅದು ಸಮಾನವೆಂದು ನೀವೇ ರುಜುವಾತುಪಡಿಸಬೇಕು. 1958ರಲ್ಲಿ ಕಿಲೋಗ್ರಾಮಿನ ತೂಕ ಬಂದಾಗ ನಮ್ಮ ತಂದೆಯವರ ಪೇಟೆಯಲ್ಲಿ ವರ್ಷಗಟ್ಟಲೆ ಸೇರು, ಪಾವು ಬಿಟ್ಟಿರಲಿಲ್ಲವಂತೆ. ಹೊಸ ಕಲ್ಲು ತಪ್ಪೆಂದು ಯಾರೂ ಹೇಳುತ್ತಿರಲಿಲ್ಲ, ಹಳೆಯದು ಕೈಗೆ ಹತ್ತಿತ್ತು ಅಷ್ಟೆ. ಅಮೆರಿಕದ ಪ್ರಮಾಣಗ್ರಂಥದವರು ಹೊಸ ಪರೀಕ್ಷೆಯನ್ನು ಹಳೆಯದರ ಸಾಲಿನಲ್ಲಿ ಕೂರಿಸುವ ಪ್ರಸ್ತಾವವನ್ನು 2019ರಲ್ಲಿ ತಂದು, 2020ರ ಮೇ ತಿಂಗಳಲ್ಲಿ, ಜಗತ್ತೆಲ್ಲ ಲಸಿಕೆಗಾಗಿ ಕಾಯುತ್ತಿದ್ದ ಹೊತ್ತಿನಲ್ಲಿ, ಹಿಂತೆಗೆದುಕೊಂಡರು. ಯುರೋಪಿನವರು 2021ರ ಜನವರಿಯಿಂದ ಅದನ್ನು ತಮ್ಮ ಗ್ರಂಥಕ್ಕೆ ಸೇರಿಸಿಕೊಂಡರು. ಅಮೆರಿಕದ ಗ್ರಂಥದಲ್ಲಿ ಅದು ಜಾರಿಗೆ ಬಂದದ್ದು 2025ರ ಮೇ ತಿಂಗಳಿನಲ್ಲಿ.

ಇನ್ನು ನಮ್ಮ ಶಾಸ್ತ್ರದ ದೃಷ್ಟಿಯಿಂದ ನೋಡೋಣ. ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕಾಗಿ ವಿಂಗಡಿಸುವುದು ವಾಚಕರಿಗೆ ತಿಳಿದದ್ದೇ. ಕೊಲ್ಲಬೇಕೆಂಬ ಇಚ್ಛೆಯಿಂದಲೇ ಮಾಡುವ ಸಂಕಲ್ಪೀ ಹಿಂಸೆಯನ್ನು ಶ್ರಾವಕನು ಪೂರ್ತಿಯಾಗಿ ತ್ಯಜಿಸಬೇಕು. ಉಳಿದವು ಮನೆಗೆಲಸ, ಕಸುಬು, ಆತ್ಮರಕ್ಷಣೆಗಳಲ್ಲಿ ಆಗಿಬಿಡುವಂಥವು. ಅವನ್ನು ಆದಷ್ಟು ಕಡಿಮೆ ಮಾಡಿಕೊಳ್ಳಬೇಕು. ಲಾಳದ ಏಡಿಗೆ ಕಣ್ಣುಗಳುಂಟು, ಆದ್ದರಿಂದ ನಮ್ಮ ಗಣನೆಯಲ್ಲಿ ಅದು ನಾಲ್ಕು ಇಂದ್ರಿಯಗಳಿಗೆ ಕಡಿಮೆಯಿಲ್ಲದ ತ್ರಸಜೀವಿ. ಅದನ್ನು ಕೊಲ್ಲಬೇಕೆಂದು ಯಾರೂ ಸಂಕಲ್ಪಿಸಿಲ್ಲ. ಹಾಗಾದರೆ ಇದು ಉದ್ಯೋಗೀ ಹಿಂಸೆ, ಕ್ಷಮ್ಯ, ಎಂದು ಪುಸ್ತಕ ಮುಚ್ಚಿಬಿಡಬಹುದೇ?

ಹಾಗೆ ಮುಚ್ಚಲು ಉಮಾಸ್ವಾಮಿಗಳು ಬಿಡುವುದಿಲ್ಲ. ತತ್ವಾರ್ಥಸೂತ್ರದಲ್ಲಿ ಅವರು ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಾಣಹರಣವನ್ನಷ್ಟೇ ಹೇಳದೆ ಅದರ ಹಿಂದಿರುವ ಪ್ರಮಾದವನ್ನು ಮುಂದಿಡುತ್ತಾರೆ. ಎಚ್ಚರದಿಂದ ನಡೆಯುವವನ ಕಾಲ ಕೆಳಗೆ ಜೀವವೊಂದು ಸಿಕ್ಕರೂ ಅವನಿಗೆ ದೋಷವಿಲ್ಲ, ಎಚ್ಚರವಿಲ್ಲದವನು ಏನನ್ನೂ ತುಳಿಯದಿದ್ದರೂ ಹಿಂಸಕನೇ ಎಂಬುದು ಅಮೃತಚಂದ್ರಾಚಾರ್ಯರ ವಿವರಣೆಯ ತಾತ್ಪರ್ಯ. ಈ ಅಳತೆಗೋಲನ್ನು ಹಿಡಿದರೆ ಒಂದೇ ಕೆಲಸಕ್ಕೆ ಕಾಲಭೇದದಿಂದ ಬೇರೆ ಬೇರೆ ಬೆಲೆ ಬರುತ್ತದೆ. 1977ರಲ್ಲಿ ಏಡಿಯ ರಕ್ತ ತೆಗೆದವನು ಮೊಲವನ್ನು ಉಳಿಸಿದನು. ಬೇರೆ ದಾರಿ ಅವನಿಗಿರಲಿಲ್ಲ. ಬೇರೆ ದಾರಿ ಕಣ್ಣೆದುರಿಗೆ ಬಂದು, ಅದನ್ನು ಪರೀಕ್ಷಿಸಿ ನೋಡುವಷ್ಟು ವ್ಯವಧಾನವೂ ಇದ್ದು, ಅಭ್ಯಾಸಬಲದಿಂದ ಹಳೆಯದನ್ನೇ ಮುಂದುವರಿಸಿದವನದು ಪ್ರಮಾದ.

ಇಲ್ಲೊಂದು ಸೂಕ್ಷ್ಮವಿದೆ. 2020ರಲ್ಲಿಯೇ ಪರೀಕ್ಷೆಯನ್ನು ಬದಲಿಸಬೇಕಾಗಿತ್ತೆಂದು ನಾನು ಹೇಳಲಾರೆ. ದಿನಕ್ಕೆ ಸಾವಿರಾರು ಜನ ಸಾಯುತ್ತಿರುವಾಗ ಪಳಗದ ಪರೀಕ್ಷೆಯನ್ನು ಕೈಗೆತ್ತಿಕೊಂಡು, ಅದರಿಂದ ಲಸಿಕೆ ಒಂದು ವಾರ ತಡವಾಗಿದ್ದರೂ ಆ ಹೊಣೆಯನ್ನು ಹೊರುವವರಾರು? ಆ ವರ್ಷ ಏಡಿಯ ರಕ್ತ ಬಳಸಿದವರನ್ನು ನಾನು ದೂಷಿಸುವುದಿಲ್ಲ. ಪ್ರಮಾದವಾದದ್ದು ಅದಕ್ಕೆ ಹಿಂದಿನ ನೆಮ್ಮದಿಯ ಹದಿನೇಳು ವರ್ಷಗಳಲ್ಲಿ. ಆಗ ಎರಡೂ ಪರೀಕ್ಷೆಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಲು ಸಮಯವಿತ್ತು, ಹಣವಿತ್ತು, ಅವಸರವಿರಲಿಲ್ಲ. ಅವಸರವಿಲ್ಲವೆಂಬ ಕಾರಣದಿಂದಲೇ ಹೆಚ್ಚಿನವರು ನೋಡಲಿಲ್ಲ. ಹನ್ನೊಂದು ತಿಂಗಳಲ್ಲಿ ಹೊಸ ಬಗೆಯ ಲಸಿಕೆಯನ್ನೇ ಸೃಷ್ಟಿಸಬಲ್ಲ ಉದ್ದಿಮೆಗೆ ಒಂದು ಪರೀಕ್ಷೆಯನ್ನು ಬದಲಿಸುವ ಶಕ್ತಿಯಿರಲಿಲ್ಲವೆಂದರೆ ನಂಬುವುದು ಹೇಗೆ?

ಇದನ್ನು ಬರೆಯುವ ಅಧಿಕಾರ ನನಗೆಷ್ಟಿದೆಯೆಂಬುದನ್ನೂ ಹೇಳಿಬಿಡಬೇಕು. ನಮ್ಮದು ಕಾಳುಕಡಿಯ ಅಡತಿ. ಗೋದಾಮಿನ ಜೋಳ, ಗೋಧಿಗಳಿಗೆ ನುಸಿ ಹತ್ತಿದರೆ ಫಾಸ್ಫೈಡ್ ಗುಳಿಗೆ ಇಡಿಸುವುದಲ್ಲದೆ ಬೇರೆ ಉಪಾಯವಿಲ್ಲ. ಒಂದು ಗುಳಿಗೆಗೆ ಎಷ್ಟು ಸಾವಿರ ಜೀವಗಳೋ ಎಣಿಸಿದವರಿಲ್ಲ. ಅದನ್ನು ಉದ್ಯೋಗೀ ಹಿಂಸೆಯೆಂದು ಹೆಸರಿಟ್ಟು ಮೂವತ್ತು ವರ್ಷ ನಡೆಸಿದೆ. ನಿಜಸಂಗತಿಯೆಂದರೆ, ರೋಹಿಣಿ ಮಳೆಗೆ ಮುಂಚೆ ಕಾಳನ್ನು ಚೆನ್ನಾಗಿ ಒಣಗಿಸಿ, ಹಳೆಯ ಚೀಲಗಳನ್ನು ಹೊರಹಾಕಿ, ಗೋಡೆಯ ಬಿರುಕುಗಳನ್ನು ಮುಚ್ಚಿ, ನೆಲಕ್ಕೆ ತಾಗದಂತೆ ಹಲಗೆಯ ಮೇಲೆ ಒಟ್ಟಿದರೆ ನುಸಿ ಹುಟ್ಟುವುದೇ ಅಪರೂಪ. ಅದು ನನಗೆ ಗೊತ್ತಿತ್ತು. ಕೂಲಿ ಹೆಚ್ಚು, ಜಾಗ ಸಾಲದು, ಮುಂದಿನ ವರ್ಷ ನೋಡೋಣವೆಂದು ಬಿಟ್ಟೆ. ನುಸಿ ಹತ್ತಿದ ದಿನ ಗುಳಿಗೆ ಅನಿವಾರ್ಯವೇ. ಆ ದಿನವನ್ನು ಬರಮಾಡಿಕೊಂಡದ್ದು ಮೇ ತಿಂಗಳಿನ ನನ್ನ ಸೋಮಾರಿತನ.

ನಮ್ಮ ಸಮಾಜದಲ್ಲಿ ಔಷಧದ ವ್ಯಾಪಾರ ಮಾಡುವವರು, ಆಸ್ಪತ್ರೆ ನಡೆಸುವ ಟ್ರಸ್ಟುಗಳು ಕಡಿಮೆಯಿಲ್ಲ. ಸಲೈನು, ಲಸಿಕೆಗಳನ್ನು ತರಿಸುವಾಗ ತಯಾರಕರಿಗೆ ಬರೆಯುವ ಪತ್ರದಲ್ಲಿ, ಇದರ ಪರೀಕ್ಷೆ ಏಡಿಯ ರಕ್ತದಿಂದಲೋ ಅದಿಲ್ಲದೆಯೋ ಎಂಬ ಒಂದು ಸಾಲನ್ನು ಸೇರಿಸಲು ಖರ್ಚೇನೂ ಇಲ್ಲ. ಗಿರಾಕಿ ಕೇಳದ ಸರಕನ್ನು ಯಾವ ವ್ಯಾಪಾರಿಯೂ ಮುಂದೆ ತಂದಿಡುವುದಿಲ್ಲ. ಲಸಿಕೆಯನ್ನೇ ಬೇಡವೆನ್ನುವ ಕೆಲವು ಬಂಧುಗಳ ವಾದ ನನಗೆ ಒಪ್ಪಿಗೆಯಿಲ್ಲ. ಅದರಿಂದ ಏಡಿಯೂ ಉಳಿಯದು, ಮನೆಯ ಹಿರಿಯರೂ ಉಳಿಯರು.

2025ರ ದಶಲಕ್ಷಣ ಪರ್ವ ಮುಗಿದು ಕ್ಷಮಾವಾಣಿಯ ದಿನ ಅಕ್ಕನ ಮನೆಗೆ ಹೋಗಿ, ನಾಲ್ಕು ವರ್ಷದ ಹಿಂದೆ ನಾನು ಆಡಿದ ಮಾತು ನಿಜವಾಗಿರಲಿಲ್ಲವೆಂದು ಹೇಳಿ ಕ್ಷಮೆ ಕೇಳಿದೆ. ಏಡಿಯ ಕಥೆಯನ್ನೆಲ್ಲ ಮೊದಲಿನಿಂದ ಹೇಳಿದೆ. ಅಮೆರಿಕದ ಗ್ರಂಥದಲ್ಲಿ ಈಗ ಹೊಸ ಪರೀಕ್ಷೆಗೂ ಸ್ಥಾನ ಸಿಕ್ಕಿದೆಯೆಂದು ಸಮಾಧಾನದ ಮಾತನ್ನೂ ಸೇರಿಸಿದೆ. ಆಕೆ ಬಹಳ ಹೊತ್ತು ಸುಮ್ಮನಿದ್ದಳು. “ಪುಸ್ತಕದಾಗ ಬರದ್ರು ಅಂದ್ರ ಹಿಡಿಯೋದು ಬಿಟ್ರು ಅಂತ ಅಲ್ಲಲ್ಲ?” ಎಂದಳು. ಅಲ್ಲವೆಂದೆ. ಅದು ಅನುಮತಿ ಮಾತ್ರ, ಕಡ್ಡಾಯವಲ್ಲ.

“ನಿನ್ನ ಗೋದಾಮಿನಾಗ ಈ ವರ್ಷ ಗುಳಿಗಿ ಇಡಿಸೀಯೇನು?” ಎಂದು ಕೇಳಿದಳು.

ಒಂದು ಸಲ ಇಡಿಸಿದ್ದೆನೆಂದು ಹೇಳಿದೆ.