ಮೈ ಒಂದೇ, ದಡಿ ಬೇರೆ

2024ರ ಮಳೆಗಾಲದ ಮಾತು. ಮುಧೋಳ ತಾಲೂಕಿನ ನಮ್ಮ ಪರಿಚಯದ ರೈತ ಕುಟುಂಬವೊಂದು ಮೊದಲ ಬಾರಿಗೆ ಕಾರು ಕೊಳ್ಳಲು ಹೊರಟಿತ್ತು. ಮನೆಯ ಹಿರಿಮಗ ಪುಣೆಯಲ್ಲಿ ಎಂಜಿನಿಯರ್. ತಂದೆಗೆ ಹನ್ನೆರಡು ಎಕರೆ ಕಬ್ಬು, ಒಂದು ಟ್ರ್ಯಾಕ್ಟರು, ಎರಡು ಟ್ರೇಲರು. ಬನಹಟ್ಟಿಯಿಂದ ಹುಡುಗನ ಸೋದರಮಾವ ಬಂದಿದ್ದರು. ವಯಸ್ಸೆಲ್ಲ ಮಗ್ಗದ ಮುಂದೆ ಕಳೆದ ಹಿರಿಯರು ಅವರು. ನಾಲ್ಕು ಅಕ್ಷರ ಬಲ್ಲವರೆಂಬ ಗೌರವಕ್ಕೆ ನಮ್ಮನ್ನೂ ಕರೆದಿದ್ದರು.

ಹುಡುಗನ ಮನಸ್ಸು ಒಂದು ಕಾರಿನ ಮೇಲೆ ನೆಟ್ಟಿತ್ತು. ಆ ವರ್ಷದ ಜೂನ್‌ನಲ್ಲಿ ಟಾಟಾದವರು ತಮ್ಮ ಆಲ್ಟ್ರೋಜ್ ಕಾರಿಗೆ 'ರೇಸರ್' ಎಂಬ ಹೊಸ ರೂಪ ಕೊಟ್ಟಿದ್ದರು. ಸಾದಾ ಆಲ್ಟ್ರೋಜ್‌ನ ಪೆಟ್ರೋಲ್ ಎಂಜಿನ್ನಿಗೆ 88 ಅಶ್ವಶಕ್ತಿ. ರೇಸರ್‌ನಲ್ಲಿ ಟರ್ಬೊ ಅಳವಡಿಸಿದ ಎಂಜಿನ್, 120 ಅಶ್ವಶಕ್ತಿ. ಬಾನೆಟ್ಟಿನ ಮೇಲೆ ಎರಡು ಬಿಳಿ ಪಟ್ಟೆ. ಇದರಲ್ಲಿ ಮತ್ತೆ ಮೂರು ದರ್ಜೆ: ಆರ್1, ಆರ್2, ಆರ್3. ಷೋರೂಮಿನ ಆಗಿನ ಬೆಲೆ ಕ್ರಮವಾಗಿ 9.49 ಲಕ್ಷ, 10.49 ಲಕ್ಷ, 10.99 ಲಕ್ಷ ರೂಪಾಯಿ.

"ಕಾಕಾ, ಒಮ್ಮೆ ತಗೋಳೋದ ಐತಿ. ಟಾಪ್ ಎಂಡ್ ತಗೊಂಡ್ರ ಮುಗೀತು. ಕೆಳಗಿಂದ ತಗೊಂಡ್ರ ಮಂದಿ ಏನಂದಾರು?" ಎಂದ ಹುಡುಗ.

ಮಾವ ಕೈಯಲ್ಲಿದ್ದ ಬಣ್ಣದ ಹಾಳೆಯನ್ನು ತಿರುವಿ ಹಾಕುತ್ತ ಒಂದು ಪ್ರಶ್ನೆ ಕೇಳಿದರು. "ಮ್ಯಾಲಿಂದಕ್ಕ ಎಂಜಿನ್ ಬ್ಯಾರೆ ಐತೇನು?"

ಬೇರೆ ಇರಲಿಲ್ಲ. ಮೂರೂ ದರ್ಜೆಗೆ ಅದೇ ಎಂಜಿನ್, ಅದೇ ಗೇರು. ಆರು ಏರ್‌ಬ್ಯಾಗುಗಳೂ ಮೂರರಲ್ಲಿಯೂ ಇದ್ದವು. ಹೆಚ್ಚಿನ ಒಂದೂವರೆ ಲಕ್ಷಕ್ಕೆ ಸಿಗುತ್ತಿದ್ದುದು ಛಾವಣಿಯ ಕಿಟಕಿ, ಸುತ್ತಲೂ ತೋರಿಸುವ ಕ್ಯಾಮೆರಾ, ತಂಪು ಗಾಳಿ ಬರುವ ಸೀಟು ಇಂಥವು. ಅಶ್ವಶಕ್ತಿ ಒಂದೂ ಹೆಚ್ಚುತ್ತಿರಲಿಲ್ಲ.

ಮಾವ ನಕ್ಕರು. "ಮೈ ಒಂದ ಐತಲೋ ತಮ್ಮಾ, ದಡಿ-ಸೆರಗ ಅಷ್ಟ ಬ್ಯಾರೆ. ಸೀರಿ ಮಾರಾಗ ನಾವೂ ಇದನ್ನ ಮಾಡ್ತೀವಿ. ದಡಿಗೆ ರೊಕ್ಕ ಕೊಡೂದು ತಪ್ಪಲ್ಲ. ಆದ್ರ ದಡಿಗೆ ಕೊಟ್ಟೀನಿ ಅನ್ನೂದು ಗೊತ್ತಿರಬೇಕು."

ನೇಕಾರರ ಈ ಮಾತು ಅಂದಿನಿಂದ ನಮ್ಮನ್ನು ಬಿಟ್ಟಿಲ್ಲ. ಕೊಳ್ಳುವ ವಿಷಯದಲ್ಲಿ ಮನುಷ್ಯನ ತಪ್ಪು ಹೆಚ್ಚು ಖರ್ಚು ಮಾಡುವುದರಲ್ಲಷ್ಟೇ ಇದೆಯೆಂದು ನಾವು ತಿಳಿದಿದ್ದೆವು. ಆದರೆ ಯಾವುದಕ್ಕೆ ಕೊಡುತ್ತಿದ್ದೇವೆ ಎಂಬುದನ್ನು ತನಗೆ ತಾನೇ ಮರೆಮಾಚಿಕೊಳ್ಳುವುದು ಅದಕ್ಕಿಂತ ಆಳದ ತಪ್ಪು. 'ಮಂದಿ ಏನಂದಾರು' ಎಂದು ಕೊಳ್ಳುವವನು ಮನೆಗೆ ಬಂದ ಮೇಲೆ 'ಸುರಕ್ಷತೆಗೆ ತಗೊಂಡೆ' ಎನ್ನುತ್ತಾನೆ. ಮೊದಲು ಹಣ ಹೋಗುತ್ತದೆ, ಅದರ ಹಿಂದೆಯೇ ಸತ್ಯವೂ ಹೋಗುತ್ತದೆ.

ಕಾರಿನ ದರ್ಜೆಗಳೆಂಬುದು ಒಂದು ಏಣಿ. ಅದರ ಮೆಟ್ಟಿಲುಗಳಲ್ಲಿ ಮೂರು ಬೇರೆ ಬೇರೆ ವಸ್ತುಗಳನ್ನು ಬೆರೆಸಿಟ್ಟಿರುತ್ತಾರೆ. ಒಂದು, ಜೀವ ಕಾಯುವುದು. ಎರಡು, ಯಂತ್ರದ ನಿಜವಾದ ಸಾಮರ್ಥ್ಯ. ಮೂರು, ಅಲಂಕಾರ. ಒಂದಕ್ಕಾಗಿ ಏರಿದವನು ಉಳಿದೆರಡಕ್ಕೂ ತೆರಬೇಕು. ಆಯ್ಕೆಯ ಮೊದಲ ಕೆಲಸ ಇವುಗಳನ್ನು ಬಿಡಿಸಿ ನೋಡುವುದು.

ಜೀವ ಕಾಯುವುದನ್ನೇ ಮೊದಲು ನೋಡೋಣ. ಈ ಶತಮಾನದ ಆರಂಭದ ವರ್ಷಗಳಲ್ಲಿ ನಮ್ಮ ದೇಶದ ಸಣ್ಣ ಕಾರುಗಳಲ್ಲಿ ಏರ್‌ಬ್ಯಾಗು, ಎಬಿಎಸ್ ಬ್ರೇಕು ಸಾಮಾನ್ಯವಾಗಿ ಮೇಲಿನ ದರ್ಜೆಗೆ ಮೀಸಲಾಗಿದ್ದವು. ಚರ್ಮದ ಸೀಟಿನ ಸಾಲಿನಲ್ಲಿಯೇ ಜೀವವೂ ಒಂದು ಸೌಕರ್ಯ! 2014ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಎಂಬ ಸಂಸ್ಥೆ ಭಾರತದ ಐದು ಜನಪ್ರಿಯ ಸಣ್ಣ ಕಾರುಗಳ ಕೆಳದರ್ಜೆಯನ್ನು ಡಿಕ್ಕಿ ಹೊಡೆಸಿ ಪರೀಕ್ಷಿಸಿತು. ಐದಕ್ಕೂ ಸೊನ್ನೆ ನಕ್ಷತ್ರ. ಅವುಗಳಲ್ಲಿ ಒಂದಾದ ಫೋಕ್ಸ್‌ವ್ಯಾಗನ್ ಪೋಲೊಗೆ ಮುಂದೆ ಎರಡು ಏರ್‌ಬ್ಯಾಗು ಇಟ್ಟು ಪರೀಕ್ಷಿಸಿದಾಗ ನಾಲ್ಕು ನಕ್ಷತ್ರ ಬಂದವು. ಅದೇ ಕಾರು, ಅದೇ ಲೋಹ. ನಡುವೆ ಇದ್ದದ್ದು ದರ್ಜೆಯ ವ್ಯತ್ಯಾಸ ಮಾತ್ರ. ಆ ಕಂಪನಿ ಏರ್‌ಬ್ಯಾಗಿಲ್ಲದ ಪೋಲೊ ಮಾರುವುದನ್ನೇ ನಿಲ್ಲಿಸಿತು.

ಆಮೇಲೆ ಕಾನೂನು ಬಂತು. 2019ರ ಏಪ್ರಿಲ್‌ನಿಂದ ಎಲ್ಲ ಕಾರುಗಳಿಗೆ ಎಬಿಎಸ್, ಜುಲೈಯಿಂದ ಚಾಲಕನಿಗೆ ಏರ್‌ಬ್ಯಾಗು, 2021ರಲ್ಲಿ ಪಕ್ಕದಲ್ಲಿ ಕುಳಿತವರಿಗೂ ಏರ್‌ಬ್ಯಾಗು ಕಡ್ಡಾಯವಾಯಿತು. 2023ರ ಅಕ್ಟೋಬರ್‌ನಿಂದ ಭಾರತದ್ದೇ ಡಿಕ್ಕಿ ಪರೀಕ್ಷೆಯ ವ್ಯವಸ್ಥೆ ಜಾರಿಗೆ ಬಂತು. ಇದರಲ್ಲಿ ಒಂದು ನೈತಿಕ ತೀರ್ಮಾನವಿದೆ: ಕೆಲವು ವಸ್ತುಗಳನ್ನು ಏಣಿಯ ಮೇಲೆ ಇಡಲೇಬಾರದು, ನೆಲದ ಮೇಲೆ ಇಡಬೇಕು. ಬಡವನ ಎದೆಗೂಡು ಶ್ರೀಮಂತನ ಎದೆಗೂಡಿಗಿಂತ ಅಗ್ಗವಲ್ಲ ಎಂದು ಸಮಾಜ ತಡವಾಗಿಯಾದರೂ ಒಪ್ಪಿಕೊಂಡಿತು.

ಹಾಗೆಂದು ಮೇಲಿನ ದರ್ಜೆ ತಾನಾಗಿಯೇ ಜೀವ ಉಳಿಸುವುದಿಲ್ಲ. 2022ರ ಸೆಪ್ಟೆಂಬರ್ 4ರಂದು ಮಹಾರಾಷ್ಟ್ರದ ಪಾಲ್ಘರ್ ಬಳಿ ಉದ್ಯಮಿ ಸೈರಸ್ ಮಿಸ್ತ್ರಿಯವರು ತೀರಿಕೊಂಡರು. ಅವರಿದ್ದುದು ದುಬಾರಿ ಕಾರಿನಲ್ಲಿಯೇ. ಹಿಂದಿನ ಸೀಟಿನಲ್ಲಿದ್ದ ಅವರು ಬೆಲ್ಟ್ ಧರಿಸಿರಲಿಲ್ಲವೆಂದು ಪೊಲೀಸರು ಹೇಳಿದರು. ಎಲ್ಲ ದರ್ಜೆಯಲ್ಲಿಯೂ ಇರುವ ಬೆಲ್ಟನ್ನು ಹಾಕಿಕೊಳ್ಳದೆ ಆರು ಏರ್‌ಬ್ಯಾಗಿನ ಕಾರಿನಲ್ಲಿ ಮಕ್ಕಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಮದುವೆಗೆ ಹೋಗುವವರು ನಮ್ಮಲ್ಲಿ ಎಷ್ಟು ಜನ!

ಇನ್ನು ಸಾಮರ್ಥ್ಯದ ಮಾತು. ವೇಗದ ಆನಂದವನ್ನು ಹಳಿಯುವುದು ಸುಲಭ, ಆದರೆ ನಮ್ಮ ಸೀಮೆಯವರು ಅದನ್ನು ಹಳಿಯುವಂತಿಲ್ಲ. ಇದು ಮುಧೋಳದ ನಾಯಿಯ ನೆಲ. 2005ರಲ್ಲಿ ಅಂಚೆ ಇಲಾಖೆ ಈ ತಳಿಯ ಚಿತ್ರವಿರುವ ಅಂಚೆಚೀಟಿ ತಂದಿತು. ಅದರ ಮೈಯನ್ನೊಮ್ಮೆ ನೋಡಬೇಕು: ಆಳವಾದ ಎದೆ, ಒಳಸರಿದ ಹೊಟ್ಟೆ, ಉದ್ದ ಕಾಲು, ಗಿಡ್ಡ ಕೂದಲು. ಓಟಕ್ಕೆ ಬೇಡದ್ದು ಒಂದೂ ಇಲ್ಲ. ಜರ್ಮನಿಯ ಪೋರ್ಷೆ ಕಂಪನಿ 1973ರಲ್ಲಿ ಕರೆರಾ ಆರ್‌ಎಸ್ ಎಂಬ ಓಟದ ಕಾರನ್ನು ಎರಡು ಬಗೆಯಲ್ಲಿ ಮಾರಿತು. ಒಂದರಲ್ಲಿ ಸೌಕರ್ಯಗಳೆಲ್ಲ ಇದ್ದವು. ಇನ್ನೊಂದರಲ್ಲಿ ಹಿಂದಿನ ಸೀಟು, ಗಡಿಯಾರ, ನೆಲಹಾಸುಗಳಂಥವನ್ನು ತೆಗೆದು ನೂರು ಕಿಲೊಗಿಂತ ಹೆಚ್ಚು ತೂಕ ಇಳಿಸಿದ್ದರು. ಓಟ ಬಲ್ಲವರು ಮೆಚ್ಚಿದ್ದು ಈ ಬರಿಮೈಯ ಕಾರನ್ನು. ನಿಜವಾದ ಸಾಮರ್ಥ್ಯ ಕೂಡಿಸುವುದರಿಂದ ಮಾತ್ರವಲ್ಲ, ಕಳೆಯುವುದರಿಂದಲೂ ಬರುತ್ತದೆ. ವೇಗವನ್ನು ಪ್ರೀತಿಸುವವನು ಛಾವಣಿಯ ಕಿಟಕಿಗೆ ಹಣ ಕೊಡುವುದಾದರೆ, ಅವನು ಪ್ರೀತಿಸುತ್ತಿರುವುದು ವೇಗವನ್ನೋ ನೋಡುವವರ ಕಣ್ಣನ್ನೋ ಎಂದು ತನ್ನನ್ನೇ ಕೇಳಿಕೊಳ್ಳಬೇಕು.

ಹುಡುಗನ ತಂದೆ ಆ ದಿನವೆಲ್ಲ ಒಂದೇ ಮಾತು ಆಡಿದ್ದರು. "ಬಾಳ ಶಕ್ತಿ ಐತಿ ಅಂತೀರಿ. ನಮ್ಮ ದಾರ್ಯಾಗ ಅದನ್ನ ಎಲ್ಲಿ ಹಚ್ಚೂದು?" ಆಗ ನಾವೆಲ್ಲ ನಕ್ಕೆವು. ಅದು ನಗುವ ಮಾತಾಗಿರಲಿಲ್ಲ.

2018ರ ಕೇಂದ್ರ ಅಧಿಸೂಚನೆಯ ಪ್ರಕಾರ ಕಾರಿನ ಗರಿಷ್ಠ ವೇಗ ಎಕ್ಸ್‌ಪ್ರೆಸ್ ರಸ್ತೆಯಲ್ಲಿ ಗಂಟೆಗೆ 120 ಕಿ.ಮೀ., ನಡುವೆ ವಿಭಜಕವಿರುವ ನಾಲ್ಕು ಪಥದಲ್ಲಿ 100, ಉಳಿದ ರಸ್ತೆಗಳಲ್ಲಿ 70. ಮುಧೋಳದಿಂದ ಜಮಖಂಡಿಗೆ, ಬೀಳಗಿಗೆ, ರಬಕವಿಗೆ ಹೋಗುವವರಿಗೆ ಕಾರ್ತಿಕದಿಂದ ಶಿವರಾತ್ರಿಯವರೆಗಿನ ಈ ರಸ್ತೆಗಳು ಹೇಗಿರುತ್ತವೆಂದು ವಿವರಿಸಬೇಕಿಲ್ಲ. ಎರಡೆರಡು ಟ್ರೇಲರಿನ ಟ್ರ್ಯಾಕ್ಟರುಗಳ ಸಾಲು. ಎಂಜಿನ್ನಿನ ಸದ್ದಿಗಿಂತ ಜೋರಾಗಿ ಹಾಡು. ಹಿಂಭಾಗದಲ್ಲಿ ದೀಪವಿಲ್ಲ, ಇದ್ದರೂ ಜೋತುಬಿದ್ದ ಕಬ್ಬಿನ ಗರಿಯಲ್ಲಿ ಮುಚ್ಚಿರುತ್ತದೆ. ಪಂಕ್ಚರಾದ ಟ್ರೇಲರನ್ನು ಅರ್ಧ ರಸ್ತೆಯಲ್ಲಿಯೇ ಬಿಟ್ಟು, ಸುತ್ತ ನಾಲ್ಕು ಕಲ್ಲಿಟ್ಟು ಹೋಗಿರುತ್ತಾರೆ.

ಇಲ್ಲಿ ಒಂದು ಲೆಕ್ಕ ಹಾಕೋಣ. ಗಂಟೆಗೆ 90 ಕಿ.ಮೀ. ವೇಗದ ಕಾರು ಒಂದು ಸೆಕೆಂಡಿನಲ್ಲಿ 25 ಮೀಟರ್ ಕ್ರಮಿಸುತ್ತದೆ. ಎದುರಿನ ವಸ್ತುವನ್ನು ಕಂಡು ಕಾಲು ಬ್ರೇಕಿಗೆ ಹೋಗಲು ಎಚ್ಚರದ ಚಾಲಕನಿಗೂ ಸುಮಾರು ಒಂದು ಸೆಕೆಂಡು ಬೇಕು. ಒಣ ರಸ್ತೆಯಲ್ಲಿ ಒಳ್ಳೆಯ ಬ್ರೇಕು ಹಿಡಿದರೂ ಕಾರು ನಿಲ್ಲಲು ಮತ್ತೆ ಸುಮಾರು 45 ಮೀಟರ್. ಒಟ್ಟು 70. ಇಳಿಸಿದ ಹೆಡ್‌ಲೈಟಿನ ಬೆಳಕಿಗೆ ದೀಪವಿಲ್ಲದ ಟ್ರೇಲರು ಕಾಣುವುದು ಸುಮಾರು 40-50 ಮೀಟರಿನಲ್ಲಿ. ವೇಗ 60 ಇದ್ದರೆ ಇದೇ ಲೆಕ್ಕ ಸುಮಾರು 37 ಮೀಟರಿಗೆ ಮುಗಿಯುತ್ತದೆ. ಬದುಕು-ಸಾವು ಈ ಅಂತರದಲ್ಲಿದೆ. ಅಲ್ಲಿ ಆರ್1, ಆರ್3 ಎಂಬ ಭೇದವಿಲ್ಲ.

ನಮ್ಮ ಜಾತ್ರೆಗಳಲ್ಲಿ ತೆರಬಂಡಿ ಸ್ಪರ್ಧೆ ನಡೆಯುತ್ತದೆ. ಭಾರ ಹೇರಿದ ಬಂಡಿಯನ್ನು ಎತ್ತುಗಳು ಎಳೆಯುವುದನ್ನು ನೋಡಲು ಊರಿಗೆ ಊರೇ ಸೇರುತ್ತದೆ. ಶಕ್ತಿಯ ಪ್ರದರ್ಶನ ಅಲ್ಲಿಯೂ ಇದೆ. ಆದರೆ ಅದಕ್ಕೊಂದು ಕಣ ಇದೆ, ಗೆರೆ ಇದೆ, ಗೆರೆಯಾಚೆ ನಿಂತವರು ತಾವಾಗಿ ಬಂದು ನಿಂತವರು. ರಸ್ತೆಗೆ ಅಂಥ ಗೆರೆಯಿಲ್ಲ. ಕಬ್ಬು ಕಡಿದು ಕತ್ತಲಲ್ಲಿ ಗುಡಿಸಲಿಗೆ ಮರಳುವ ಗ್ಯಾಂಗಿನ ಹೆಂಗಸು, ಸೈಕಲ್ಲಿನ ಶಾಲೆಯ ಹುಡುಗ, ಎಮ್ಮೆ ಹೊಡೆದುಕೊಂಡು ಬರುವ ಮುದುಕ ಇವರಾರೂ ನಮ್ಮ ಆಟಕ್ಕೆ ಒಪ್ಪಿಗೆ ಕೊಟ್ಟವರಲ್ಲ. ನಾವು ಷೋರೂಮಿನಲ್ಲಿ ಅಶ್ವಶಕ್ತಿಯನ್ನು ಆರಿಸುವಾಗ ಅದರ ಅಪಾಯದ ಒಂದು ಪಾಲನ್ನು ಅವರ ಹೆಸರಿಗೆ ಬರೆಯುತ್ತೇವೆ. ಆದ್ದರಿಂದ ಕಾರಿನ ಶಕ್ತಿ ಬರಿಯ ಸ್ವಂತ ರುಚಿಯ ವಿಷಯವಲ್ಲ. ಷೋರೂಮಿಗೆ ಬಾರದವರನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಮಾಡಬೇಕಾದ ಆಯ್ಕೆ ಅದು.

ಕೊನೆಯದು ಅಲಂಕಾರ. 2025ರ ನವೆಂಬರ್‌ನಲ್ಲಿ ಕಬ್ಬಿಗೆ ಟನ್ನಿಗೆ 3,500 ರೂಪಾಯಿ ಬೇಕೆಂದು ನಮ್ಮ ಭಾಗದ ರೈತರು ದಿನಗಟ್ಟಲೆ ಬೀದಿಯಲ್ಲಿ ಕುಳಿತರು. ಸರ್ಕಾರ 3,300 ಎಂದು ಘೋಷಿಸಿತು. ನಡುವಿನ 200 ರೂಪಾಯಿಗಾಗಿ ಎಷ್ಟು ನೋವು, ಎಷ್ಟು ಸಿಟ್ಟು! ಅದು ನ್ಯಾಯವಾದ ಸಿಟ್ಟೇ. ಆದರೆ ಅದೇ 3,300ರ ಲೆಕ್ಕದಲ್ಲಿ ಆರ್1 ಮತ್ತು ಆರ್3ರ ನಡುವಿನ ಒಂದೂವರೆ ಲಕ್ಷವೆಂದರೆ 45 ಟನ್ ಕಬ್ಬು. ಚೆನ್ನಾಗಿ ನೀರುಂಡ ಒಂದು ಎಕರೆಯ ಇಡೀ ವರ್ಷದ ಬೆಳೆ, ಗೊಬ್ಬರದ ಖರ್ಚನ್ನೂ ಕಳೆಯದೆ. ಟನ್ನಿಗೆ 200 ರೂಪಾಯಿಗಾಗಿ ಬಿಸಿಲಲ್ಲಿ ಕೂರುವ ನಾವು, ತಂಪು ಕೋಣೆಯಲ್ಲಿ ಒಂದು ಎಕರೆಯ ಬೆಳೆಯನ್ನು 'ಮಂದಿ ಏನಂದಾರು' ಎಂಬ ಒಂದು ಮಾತಿಗೆ ಕೊಟ್ಟು ಬರುತ್ತೇವೆ.

ಬೀಳಗಿಯ ಕಡೆಯವರಿಗೆ ಈ ಮಾತು ಇನ್ನೂ ಹತ್ತಿರದ್ದು. ಆಲಮಟ್ಟಿಯ ಹಿನ್ನೀರಿಗೆ ಊರು, ಹೊಲ ಬಿಟ್ಟುಕೊಟ್ಟವರು ಅವರು. ಕೃಷ್ಣಾ ಮೇಲ್ದಂಡೆಯ ಮೂರನೆಯ ಹಂತದಲ್ಲಿ ಮುಳುಗುವ ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ, ಒಣಬೇಸಾಯದ ಜಮೀನಿಗೆ 30 ಲಕ್ಷ ಕೊಡಲು 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸಚಿವ ಸಂಪುಟ ನಿರ್ಧರಿಸಿತು. ಅಂಥ ಹಣ ಜೀವಮಾನದಲ್ಲಿ ಒಮ್ಮೆ ಬರುತ್ತದೆ. ಬಂದ ದಿನವೇ ಮನೆಯ ಮುಂದೆ ಏಣಿಯೂ ಬಂದು ನಿಲ್ಲುತ್ತದೆ. ಕಾರಿನ ಬೆಲೆ ಷೋರೂಮಿನ ಹೊಸ್ತಿಲು ದಾಟಿದೊಡನೆ ಇಳಿಯತೊಡಗುತ್ತದೆ. ಮುಳುಗಿದ ಹೊಲವಂತೂ ಮರಳಿ ಬಾರದು.

ಹಾಗಾದರೆ ದುಡಿದವನು ಚೆಂದದ್ದನ್ನು ಬಯಸಲೇಬಾರದೇ? ಹುಡುಗ ಇದನ್ನು ಕೇಳಿಯೇ ಕೇಳಿದ. "ಅಪ್ಪ ಮೂವತ್ತು ವರ್ಷ ದುಡದಾನ. ಒಂದ ಸಲ ಖುಷಿ ಪಟ್ರ ತಪ್ಪೇನ್ರಿ ಕಾಕಾ?" ತಪ್ಪಿಲ್ಲ. ಬಡವರೂ ದಡಿಯ ಸೀರೆ ಉಡುತ್ತಾರೆ, ಉಡಬೇಕು. ಒಳ್ಳೆಯ ಯಂತ್ರವನ್ನು ಕೈಯಾರೆ ನಡೆಸುವ ಸುಖ ನಿಜವಾದ ಸುಖ. ಬೇಸಿಗೆಯ ಬಿಸಿಲಿನಲ್ಲಿ ತಂಪಾದ ಸೀಟು ಸಂಧಿವಾತದ ತಾಯಿಗೆ ಬೇಕೆನಿಸಿದರೆ ಅದು ಅಲಂಕಾರವೂ ಅಲ್ಲ. ನಮ್ಮ ತಕರಾರು ಸುಖದ ಮೇಲಲ್ಲ. ಇನ್ನೊಬ್ಬರ ಕಣ್ಣಿನ ಸುಖಕ್ಕೆ ನಾವು ಕಂತು ಕಟ್ಟುವುದರ ಮೇಲೆ.

ಅವನು ಕೊನೆಗೆ ಆರ್1 ತೆಗೆದುಕೊಂಡ. ನಮ್ಮ ಉಪದೇಶದಿಂದಲ್ಲ, ಮಾವನ ಒಂದು ಮಾತಿನಿಂದ. ಕಾರು ಮನೆಗೆ ಬಂದ ಸಂಜೆ ಅಂಗಳದಲ್ಲಿ ನೆರೆದವರೆಲ್ಲ ಅದರ ಸುತ್ತ ತಿರುಗಿದರು. ಆರು ಏರ್‌ಬ್ಯಾಗು ಎಂದು ಹುಡುಗ ಹೇಳುತ್ತಿದ್ದ. ಅವನ ಬೆನ್ನ ಹಿಂದೆ, ಗೋಡೆಗೆ ಒತ್ತಿ, ಆ ಮನೆಯ ಎರಡು ಟ್ರೇಲರುಗಳು ನಿಂತಿದ್ದವು. ಒಂದಕ್ಕೂ ಹಿಂದೆ ದೀಪವಿರಲಿಲ್ಲ. ಪ್ರತಿಫಲಿಸುವ ಕೆಂಪು ಪಟ್ಟಿಯೂ ಇರಲಿಲ್ಲ. ಮನೆಯವರ ಜೀವಕ್ಕೆ ಆರು ಚೀಲ ಗಾಳಿ, ರಸ್ತೆಯಲ್ಲಿ ಹಿಂದೆ ಬರುವವರ ಜೀವಕ್ಕೆ ಏನೂ ಇಲ್ಲ. ಹತ್ತಾರು ವರ್ಷ ಆ ಅಂಗಳದಲ್ಲಿ ಚಹಾ ಕುಡಿದ ನಾವೂ ಅದನ್ನು ಆ ಸಂಜೆಯವರೆಗೆ ಗಮನಿಸಿರಲಿಲ್ಲ. ತಂದೆಗೆ ಮೆಲ್ಲಗೆ ಹೇಳಿದೆವು. ಅವರು ಟ್ರೇಲರಿನ ಕಡೆ ನೋಡಿದರು, ಕಾರಿನ ಕಡೆ ನೋಡಿದರು, ಏನೂ ಅನ್ನಲಿಲ್ಲ.

ಆ ಹಂಗಾಮಿನಲ್ಲಿ ಒಂದು ರಾತ್ರಿ ಜಮಖಂಡಿಯಿಂದ ಬರುವಾಗ ನಮ್ಮ ಮುಂದೆ ಸಾಲಾಗಿ ಟ್ರ್ಯಾಕ್ಟರುಗಳು ಹೋಗುತ್ತಿದ್ದವು. ಒಂದರ ಹಿಂದೆ ಮಾತ್ರ ಕೆಂಪು ಪಟ್ಟಿ ದೂರದಿಂದಲೇ ಹೊಳೆಯಿತು. ಹತ್ತಿರ ಹೋದಾಗ ಗುರುತು ಸಿಕ್ಕಿತು, ಅವರದೇ. ಕೆಲವು ನೂರು ರೂಪಾಯಿಯ ಪಟ್ಟಿ. ಯಾವ ಕಂಪನಿಯೂ ಅದನ್ನು ದರ್ಜೆಯಾಗಿ ಮಾರುವುದಿಲ್ಲ, ಯಾವ ಮಂದಿಯೂ ಅದನ್ನು ನೋಡಿ ಹೊಗಳುವುದಿಲ್ಲ. ಅದರ ಮುಂದಿನ ಟ್ರೇಲರುಗಳು ಕತ್ತಲಲ್ಲಿ ಕತ್ತಲಾಗಿಯೇ ಹೋಗುತ್ತಿದ್ದವು. ನಾವು ವೇಗ ಇಳಿಸಿದೆವು.