ಇಂದಿನ ಧಮ್ಮ ಚಿಂತನೆ: ಕೀಲಿ ತೆಗೆದವರು ಕಾವಲನ್ನೂ ಇಡಬೇಕು




"ರೊಕ್ಕ ಕೊಟ್ಟು ತಗೊಂಡ ಫೋನು ನಂದು. ಅದನ್ನ ರೂಟ್ ಮಾಡಿದ್ರ ತಪ್ಪೇನ್ರಿ?" ನಮ್ಮ ಯುವಕರು ಕೇಳುವ ಈ ಪ್ರಶ್ನೆಯನ್ನು ಇಂದು ಧಮ್ಮದ ಬೆಳಕಿನಲ್ಲಿ ನೋಡೋಣ.

ಆಂಡ್ರಾಯ್ಡ್ ಫೋನಿನಲ್ಲಿ ಪ್ರತಿ ಆ್ಯಪ್‌ಗೂ ಒಂದೊಂದು ಕೋಣೆ. ಒಂದರ ಕೋಣೆಯೊಳಗೆ ಇನ್ನೊಂದು ಕಾಲಿಡುವಂತಿಲ್ಲ. ಎಲ್ಲ ಕೋಣೆಗಳ ಕೀಲಿಕೈ ಇರುವ ಒಡೆಯನ ಹೆಸರೇ 'ರೂಟ್'. ಆ ಕೀಲಿಕೈಯನ್ನು ಕಂಪನಿಗಳು ಫೋನ್ ಕೊಂಡವರಿಗೂ ಸಾಮಾನ್ಯವಾಗಿ ಕೊಡುವುದಿಲ್ಲ.

ಹಕ್ಕಿದ್ದರೂ ಮುಟ್ಟಬೇಡ ಎಂಬ ಮಾತು ನಮಗೆ ಹೊಸದಲ್ಲ. ಮಹಾಡದ ಚವದಾರ ಕೆರೆ ಎಲ್ಲರದೂ ಎಂದು ಪುರಸಭೆ ಠರಾವು ಮಾಡಿದ್ದರೂ ನಮ್ಮವರಿಗೆ ನೀರು ಸಿಗಲಿಲ್ಲ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಅಲ್ಲಿಗೆ ನಡೆದುಹೋಗಿ ನೀರು ಕುಡಿದರು. ಫೋನಿನ ಕೀಲಿಯನ್ನು ಆ ನೋವಿಗೆ ಹೋಲಿಸಲಾಗದು. ಆದರೆ "ಯಾಕೆ?" ಎಂದು ಕೇಳುವ ಧೈರ್ಯ ನಮಗೆ ಬಂದದ್ದು ಅಲ್ಲಿಂದಲೇ.

ಹಳೆಯ ಆಂಡ್ರಾಯ್ಡ್ ಫೋನುಗಳಲ್ಲಿ ಕನ್ನಡ ಅಕ್ಷರಗಳ ಜಾಗದಲ್ಲಿ ಬರೀ ಚೌಕಗಳು ಕಾಣುತ್ತಿದ್ದವು. 2012ರ 4.1 ಆವೃತ್ತಿಯಲ್ಲಿ ಕನ್ನಡಕ್ಕೆ ಜಾಗ ಸಿಗುವ ಮೊದಲು, ಫೋನ್ ರೂಟ್ ಮಾಡಿ ಕನ್ನಡ ಫಾಂಟ್ ಹಾಕಿಕೊಂಡವರಿದ್ದರು. ಆದ್ದರಿಂದ ಕೀಲಿ ತೆಗೆಯುವುದೇ ತಪ್ಪು ಎನ್ನಲಾಗದು.

ಆದರೆ ಯಾರೋ ಹೇಳಿದರೆಂದು ನಂಬಬೇಡಿ, ಪರೀಕ್ಷಿಸಿ ನೋಡಿ ಎಂದು ಭಗವಾನ್ ಬುದ್ಧರು ಕಾಲಾಮರಿಗೆ ತಿಳಿಸಿದರು. ಇದು ಕಂಪನಿಯ ಮಾತಿಗೂ ಸೈ, ಯೂಟ್ಯೂಬ್ ವಿಡಿಯೋದವನ ಮಾತಿಗೂ ಸೈ. ಪರೀಕ್ಷಿಸಿದರೆ ತಿಳಿಯುವುದಿಷ್ಟು: ಬೂಟ್‌ಲೋಡರ್ ಕೀಲಿ ತೆಗೆದಾಗ ಫೋನಿನಲ್ಲಿದ್ದದ್ದೆಲ್ಲ ಸಾಮಾನ್ಯವಾಗಿ ಅಳಿಸಿಹೋಗುತ್ತದೆ. ಅನೇಕ ಬ್ಯಾಂಕ್ ಆ್ಯಪ್‌ಗಳು ನಡೆಯುವುದಿಲ್ಲ. ಆಮೇಲೆ ಒಂದು ಕಳ್ಳ ಆ್ಯಪ್‌ಗೆ ರೂಟ್ ಅನುಮತಿ ಒತ್ತಿದರೂ ಸಾಕು, ಎಲ್ಲ ಕೋಣೆಗಳೂ ಅದರ ಕೈಗೆ: ಮನೆಯವರ ಫೋಟೋ, ಓಟಿಪಿ, ಕೂಲಿಯ ಹಣ ಬೀಳುವ ಖಾತೆಯ ಗುಟ್ಟು.

ಭಗವಾನರು ಗಡಿಯೂರಿನ ಕೋಟೆಯ ಹೋಲಿಕೆ ಕೊಡುತ್ತಾರೆ. ಅದರ ಜಾಣ ದ್ವಾರಪಾಲಕ ಗುರುತಿನವರನ್ನು ಒಳಗೆ ಬಿಡುತ್ತಾನೆ, ಗುರುತಿಲ್ಲದವರನ್ನು ತಡೆಯುತ್ತಾನೆ. ಆ ದ್ವಾರಪಾಲಕನೇ ಸತಿ, ಅಂದರೆ ಎಚ್ಚರ. ಕಂಪನಿಯ ಕಾವಲು ತೆಗೆದ ಮೇಲೆ ಆ ಜಾಗದಲ್ಲಿ ನಮ್ಮ ಎಚ್ಚರ ನಿಲ್ಲಬೇಕು. ಅಷ್ಟು ಎಚ್ಚರ ಇನ್ನೂ ಇಲ್ಲವೆನಿಸಿದರೆ ಕೀಲಿ ಇದ್ದಂತೆಯೇ ಇರಲಿ. ಅದು ಹೇಡಿತನವಲ್ಲ, ಪ್ರಜ್ಞೆ.

1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಸಾವಿರಾರು ವರ್ಷಗಳ ಕೀಲಿ ಒಡೆದರು. ಆದರೆ ಬಾಗಿಲು ತೆರೆದಿಟ್ಟು ಹಾಗೇ ಹೋಗಲಿಲ್ಲ. ಅದೇ ದಿನ, ಅದೇ ನೆಲದಲ್ಲಿ ತ್ರಿಶರಣ, ಪಂಚಶೀಲ ಮತ್ತು 22 ಪ್ರತಿಜ್ಞೆಗಳನ್ನು ನಮ್ಮ ಕೈಗಿತ್ತರು. ಬಿಡುಗಡೆಯೂ ಶೀಲವೂ ಒಟ್ಟಿಗೇ ಬಂದವು. ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಬಿಟ್ಟರೆ ನಮ್ಮ ದೀಕ್ಷೆ ಅರ್ಧವೇ ಆಯಿತು.

🪷 ಇಂದಿನ ಅಭ್ಯಾಸ: ಫೋನು 'ಅನುಮತಿ' ಕೇಳಿದಾಗ ಒಂದು ಉಸಿರಿನಷ್ಟು ಹೊತ್ತು ನಿಲ್ಲಿ. ಕೇಳುತ್ತಿರುವವರು ಯಾರು? ಏನು ಕೇಳುತ್ತಿದ್ದಾರೆ? ಯಾಕೆ? ಸಿಟ್ಟು, ದುರಾಸೆ, ಸೆರೆಯ ಚಟ ಮನದ ಬಾಗಿಲು ಬಡಿದಾಗಲೂ ಇವೇ ಮೂರು ಪ್ರಶ್ನೆ ಕೇಳಿರಿ.

ಸಾಧು! ಸಾಧು! ಸಾಧು!
ಜೈ ಭೀಮ್, ನಮೋ ಬುದ್ಧಾಯ 🙏